ತಂತಿಗೆ ಕಿವಿ ಎಲ್ಲಿಡೋದು?

ಸುರಪುರದ ಹತ್ತಿರ ಇರೋ ನಮ್ಮ ದೇವಾಪುರಕ್ಕೆ ಒಂದು ಹಳೇ ತಕರಾರು ಇದೆ. 'ಜೈಮಿನಿ ಭಾರತ' ಬರೆದ ಲಕ್ಷ್ಮೀಶ ನಮ್ಮೂರಿನವನು ಅಂತ ನಮ್ಮ ವಾದ. ಅಲ್ಲ, ಕಡೂರು ತಾಲೂಕಿನ ದೇವನೂರಿನವನು ಅಂತ ಅವರ ವಾದ. ಅದನ್ನ ವಿದ್ವಾಂಸರಿಗೆ ಬಿಡೋಣ. ನನಗೆ ಇಷ್ಟ ಆಗೋದು ಆ ಕವಿಗೆ ಅಂಟಿಕೊಂಡಿರೋ 'ನಾದಲೋಲ' ಅನ್ನೋ ಬಿರುದು. ಯಾಕಂದ್ರೆ ನಾದಲೋಲ ನಮ್ಮವನು ಅಂತ ಹೇಳಿಕೊಳ್ಳೋ ಊರಲ್ಲೇ ಈಗ ಒಂದು ನಾದ ಮೆಲ್ಲಗೆ ಮರೆಯಾಗ್ತಿದೆ. ಅದನ್ನ ಉಳಿಸೋ ದಾರಿ ಎಲೆಕ್ಟ್ರಿಕ್ ಗಿಟಾರಿನ ಇತಿಹಾಸದಲ್ಲಿ ಸಿಗುತ್ತೆ ಅಂದ್ರೆ ನಗಬೇಡಿ.

ನಾನು ಹೇಳ್ತಿರೋದು ಏಕತಾರಿ ಬಗ್ಗೆ. ಒಂದು ಬುರುಡೆ, ಒಂದು ದಂಡಿ, ಒಂದು ಉಕ್ಕಿನ ತಂತಿ. ಕಡಕೋಳ ಮಡಿವಾಳಪ್ಪನ ತತ್ವಪದಗಳನ್ನ ಹತ್ತು ಜನ ಕೂತು ಹಾಡೋವಾಗ ಅಷ್ಟು ಸಾಕು. ಆದರೆ ಈಗ ಭಜನೆಗೂ ಸ್ಟೇಜು, ದೊಡ್ಡ ಸ್ಪೀಕರು, ಕೀಬೋರ್ಡು ಬಂದಿವೆ. ಏಕತಾರಿ ಕೇಳಿಸಲಿ ಅಂತ ಮೈಕನ್ನ ಹತ್ತಿರ ತಂದ್ರೆ ಸ್ಪೀಕರು ಕುಂಯ್ ಅಂತ ಕಿರುಚುತ್ತೆ. ದೂರ ಇಟ್ರೆ ತಬಲಾ ಒಂದೇ ಕೇಳಿಸುತ್ತೆ. 'ನಾ ಮೀಟೂದು ಮಂದಿಗಿ ಕಾಣ್ತದ ತಮ್ಮಾ, ಕೇಳಂಗಿಲ್ಲ' ಅಂತ ನಮ್ಮೂರಿನ ಹಾಡುಗಾರ ಮುತ್ಯಾ ಒಮ್ಮೆ ಅಂದಿದ್ದರು.

1920ರ ದಶಕದ ಕೊನೆಯಲ್ಲಿ ಅಮೆರಿಕದ ಗಿಟಾರ್ ವಾದಕರ ದೂರೂ ಇದೇ. ಬ್ಯಾಂಡಿನ ತುತ್ತೂರಿ, ಡ್ರಮ್ಮಿನ ನಡುವೆ ಗಿಟಾರು ಯಾರಿಗೂ ಕೇಳಿಸ್ತಿರಲಿಲ್ಲ. ಹವಾಯಿಯನ್ ಗಿಟಾರ್ ನುಡಿಸ್ತಿದ್ದ ಜಾರ್ಜ್ ಬೋಶಾಂಪ್ ಇದಕ್ಕೊಂದು ಉಪಾಯ ಹುಡುಕಿದ. ಕುದುರೆ ಲಾಳದ ಆಕಾರದ ಮ್ಯಾಗ್ನೆಟ್ಟು, ಅದರ ಜೊತೆ ತೆಳು ತಾಮ್ರದ ತಂತಿಯ ಸುರುಳಿ. ಮೇಲೆ ಉಕ್ಕಿನ ತಂತಿ ಅಲುಗಾಡಿದ್ರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತೆ, ಅದನ್ನ ಆಂಪ್ಲಿಫೈಯರಿಗೆ ಕೊಟ್ರೆ ಆಯ್ತು. 1932ರಲ್ಲಿ ರಿಕನ್‌ಬ್ಯಾಕರ್ ಮಾರಾಟಕ್ಕೆ ತಂದ ಆ ಅಲ್ಯೂಮಿನಿಯಂ ಗಿಟಾರಿನ ಅಡ್ಡಹೆಸರು 'ಫ್ರೈಯಿಂಗ್ ಪ್ಯಾನ್'. ನೋಡೋಕೂ ಥೇಟ್ ಬಾಣಲೆ, ಬುರುಡೆಯೇ ಇಲ್ಲ!

ಇಲ್ಲೊಂದು ಸೂಕ್ಷ್ಮ ಇದೆ. ಮೈಕು ಗಾಳಿಯನ್ನ ಕೇಳುತ್ತೆ. ಪಿಕಪ್ ಕೇಳೋದು ತನ್ನ ನೆತ್ತಿಯ ಮೇಲಿರೋ ತಂತಿಯ ತುಣುಕನ್ನ ಮಾತ್ರ, ಅದೂ ಉಕ್ಕಿನದಾದ್ರೆ. ತಂಬೂರಿಯ ಹಿತ್ತಾಳೆ ಮಂದ್ರ ತಂತಿ ಅದಕ್ಕೆ ಹೆಚ್ಚೂಕಡಿಮೆ ಇಲ್ಲದ ಹಾಗೇ.

ಹಾಗಾದ್ರೆ ಯಾವ ತುಣುಕಿಗೆ ಕಿವಿಗೊಡಬೇಕು? ತಂತಿ ಒಂದೇ ಥರ ಅಲುಗಲ್ಲ. ಇಡಿಯಾಗಿ ಅಲುಗೋವಾಗಲೇ ಎರಡು, ಮೂರು, ನಾಲ್ಕು ಭಾಗವಾಗಿಯೂ ಅಲುಗುತ್ತೆ, ಒಂದೊಂದಕ್ಕೂ ಒಂದೊಂದು ಉಪಸ್ವರ. ಎರಡು ಭಾಗವಾಗಿ ಅಲುಗೋವಾಗ ನಟ್ಟನಡುವಿನ ಬಿಂದು ಕದಲೋದೇ ಇಲ್ಲ. ಅಲ್ಲಿ ಪಿಕಪ್ ಇಟ್ರೆ ಎರಡನೇ, ನಾಲ್ಕನೇ, ಆರನೇ ಉಪಸ್ವರ ಅದಕ್ಕೆ ಕೇಳಿಸಲ್ಲ. ಕುದುರೆ ಹತ್ತಿರ ತಂತಿಯ ಮೂಲ ಅಲುಗಾಟ ಚಿಕ್ಕದು, ಹಾಗಾಗಿ ಅಲ್ಲಿ ಮೇಲಿನ ಉಪಸ್ವರಗಳದ್ದೇ ಕಾರುಬಾರು.

ಗಿಟಾರಿನ ಇತಿಹಾಸ ಈ ಜಾಗದ ಸುತ್ತಲೇ ತಿರುಗಿದೆ. 1936ರ ಗಿಬ್ಸನ್ ಇಎಸ್-150ರಲ್ಲಿ ಪಿಕಪ್ ಇದ್ದದ್ದು ಕತ್ತಿನ ಕಡೆ. ಚಾರ್ಲಿ ಕ್ರಿಶ್ಚಿಯನ್‌ನ ಆ ದುಂಡು, ಬೆಚ್ಚನೆ ಜಾಜ್ ದನಿ ಅಲ್ಲಿಯದು. ಲಿಯೋ ಫೆಂಡರ್ 1950ರ ಹೊತ್ತಿಗೆ ತಂದ, ಮುಂದೆ ಟೆಲಿಕಾಸ್ಟರ್ ಅನ್ನಿಸಿಕೊಂಡ ಗಿಟಾರಿನಲ್ಲಿ ಒಂದು ಪಿಕಪ್ಪು ಕುದುರೆ ಪಕ್ಕದಲ್ಲೇ, ಓರೆಯಾಗಿ ಕೂತಿತು. ದನಿ ಚುರುಕ್ ಅನ್ನೋ ಹಾಗೆ ಚೂಪಾಯ್ತು. 1954ರ ಸ್ಟ್ರಾಟೋಕಾಸ್ಟರಿಗೆ ಮೂರು ಪಿಕಪ್, ಮೂರು ಹಂತದ ಸ್ವಿಚ್. ನುಡಿಸೋರು ಸುಮ್ನಿರ್ತಾರಾ? ಸ್ವಿಚ್ಚನ್ನ ಎರಡು ಹಂತಗಳ ನಡುವೆ ಸಿಕ್ಕಿಸಿ, ಎರಡೆರಡು ಪಿಕಪ್ಪಿಂದ ಒಟ್ಟಿಗೆ ಹೊಸ ದನಿ ತೆಗೆದರು. ಬೇರೆ ಬೇರೆ ಜಾಗದಲ್ಲಿ ಕೇಳಿದ ಕೆಲವು ಉಪಸ್ವರಗಳು ಒಂದನ್ನೊಂದು ಅಳಿಸಿಕೊಂಡಾಗ ಉಳಿಯೋ ದನಿ ಅದು. ಕಂಪನಿ ಐದು ಹಂತದ ಸ್ವಿಚ್ ಕೊಟ್ಟಿದ್ದು 1977ರಲ್ಲಿ.

ವೈರಿಂಗ್ ಕತೆ ಬೇರೆ. ಒಂದೇ ಸುರುಳಿ ಇದ್ರೆ ಅದು ತಂತಿಯ ಜೊತೆಗೆ ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತೆ. ಗಿಬ್ಸನ್ನಿನ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಹಂಬಕರ್‌ನಲ್ಲಿ ಸುರುಳಿ ಎರಡು. ಮ್ಯಾಗ್ನೆಟ್ಟಿನ ದಿಕ್ಕು ಉಲ್ಟಾ, ಜೋಡಣೆಯೂ ಉಲ್ಟಾ. ಎರಡು ಉಲ್ಟಾ ಸೇರಿ ತಂತಿಯ ದನಿ ಕೂಡಿಕೊಳ್ಳುತ್ತೆ. ಮ್ಯಾಗ್ನೆಟ್ಟಿನ ಹಂಗಿಲ್ಲದ ಗುಂಯ್ ಮಾತ್ರ ಅಳಿಸಿಹೋಗುತ್ತೆ. ಆದರೆ ಸರಣಿಯಲ್ಲಿ ಬೆಸೆದ ಎರಡು ಸುರುಳಿಯಿಂದ ಮೇಲಿನ ಹೊಳಪು ಸ್ವಲ್ಪ ಕಮ್ಮಿ ಆಗುತ್ತೆ. ಅದಕ್ಕೇ ಅದರ ಜೊತೆ ಸಾಮಾನ್ಯವಾಗಿ 500 ಕಿಲೋಓಮ್ ವಾಲ್ಯೂಮ್ ಕಂಟ್ರೋಲ್, ಒಂಟಿ ಸುರುಳಿಗೆ 250. ಬೆಂಗಳೂರಲ್ಲಿ ಸಂಬಳ ಬಂದ ತಕ್ಷಣ ಪೆಡಲ್ ಕೊಳ್ಳೋ ನನ್ನ ಗೆಳೆಯರಿಗೆ ನಾನು ಹೇಳೋದು ಇಷ್ಟೇ: ಮೊದಲು ಗಿಟಾರಿನ ಹೊಟ್ಟೆ ಬಿಚ್ಚಿ ನೋಡ್ರಪ್ಪಾ.

ಕಳೆದ ಸಲ ರಜೆಗೆ ಊರಿಗೆ ಹೋದಾಗ ಒಂದು ಪಿಕಪ್ ಒಯ್ದಿದ್ದೆ. ಮುತ್ಯಾನ ಏಕತಾರಿಯ ದಂಡಿಗೆ ತಂತಿಯ ಕೆಳಗೆ ಬಟ್ಟೆಯಿಂದ ಕಟ್ಟಿದ್ವಿ. ತೂತು ಕೊರೀಲಿಲ್ಲ, ಮೊಳೆ ಹೊಡೀಲಿಲ್ಲ. ಗಿಟಾರಿನಲ್ಲಿ ಬೆರಳಿಟ್ಟ ಹಾಗೆಲ್ಲ ತಂತಿಯ ಉದ್ದ ಬದಲಾಗುತ್ತೆ, ಕದಲದ ಬಿಂದುಗಳೂ ಸರೀತವೆ. ಏಕತಾರಿಯದು ಯಾವಾಗಲೂ ಖುಲ್ಲಾ ತಂತಿ, ಹಾಗಾಗಿ ಪಿಕಪ್ಪಿನ ಜಾಗ ಒಮ್ಮೆ ಆರಿಸಿದ್ರೆ ಹಾಡಿನುದ್ದಕ್ಕೂ ಅದೇ ದನಿ. ನಡುವೆ ಇಟ್ಟಾಗ ದನಿ ಟೊಳ್ಳು. ಕುದುರೆಗೆ ಒತ್ತಿ ಇಟ್ಟಾಗ ತಗಡು ಬಡಿದ ಹಾಗೆ. ಕುದುರೆಯಿಂದ ಸುಮಾರು ಐದನೇ ಒಂದು ಭಾಗಕ್ಕೆ ಸರಿಸಿದಾಗ ಮುತ್ಯಾನ ತಲೆ ಅಲ್ಲಾಡಿತು. ಗುಂಯ್ ಅನ್ನೋದು ಹಂಬಕರ್ ಹಾಕಿದ ಮೇಲೆ ನಿಂತಿತು. ಸ್ಪೀಕರಿನ ಕಿರುಚಾಟವೂ ನಿಂತಿತು.

ಆದರೆ ಮುತ್ಯಾ ಎರಡು ನಿಮಿಷ ಮೀಟಿ ಕೇಳಿದರು: 'ತಂತಿ ಅದ. ಬುರುಡಿ ಎಲ್ಲಿ ಹೋತು?'

ಖರೇ ಮಾತು. ಬೋಶಾಂಪನ ಬಾಣಲೆಗೆ ಬುರುಡೆ ಬೇಕಿರಲಿಲ್ಲ, ಏಕತಾರಿಗೆ ಅದೇ ಅರ್ಧ ಜೀವ. ಆಮೇಲೆ ಬುರುಡೆಗೆ ಒಂದು ಪಿಯೆಜೋ ಅಂಟಿಸಿದ್ವಿ. ಅದು ತಂತಿಯನ್ನಲ್ಲ, ಮೈಯ ನಡುಕವನ್ನ ಕೇಳುತ್ತೆ. ಅದನ್ನ ಸೀದಾ ಮಿಕ್ಸರಿಗೆ ಚುಚ್ಚಿದ್ರೆ ಕೆಳದನಿ ಸತ್ತೇಹೋಗುತ್ತೆ, ನಡುವೆ ಒಂದು ಪ್ರಿಆಂಪ್ ಬೇಕೇ ಬೇಕು. ಪಿಯೆಜೋ ಜಾಸ್ತಿ ಮಾಡಿದ್ರೆ ಮತ್ತೆ ಕುಂಯ್. ಹಾಗಾಗಿ ತಂತಿ ಮುಕ್ಕಾಲು, ಬುರುಡೆ ಕಾಲು ಅಂತ ರಾಜಿಯಾದ್ವಿ.

ಆ ವಾರದ ಭಜನೆಯಲ್ಲಿ ಎರಡು ಪದಗಳಿಗೆ ಕೀಬೋರ್ಡಿನ ಹುಡುಗ ಕೈ ಕಟ್ಟಿ ಕೂತ. ಮೂರನೇ ಪದಕ್ಕೆ ಆತ ಶುರು ಮಾಡೋಕೆ ಹೋದ್ರೆ, ಹಿಂದಿನ ಸಾಲಿನಿಂದ ಯಾರೋ 'ಇರಲಿ ಬಿಡೋ, ಆ ತಂತಿ ಕೇಳೂಣು' ಅಂದರು.