ತೆರೆಯ ಮೇಲಿನ ಪ್ರೇಮ, ತೆರೆಯ ಮುಂದಿನ ನೆಲ

ಕಾದಂಬರಿ ಓದುವುದಕ್ಕೆ ಅಕ್ಷರ ಬೇಕು. ನಮ್ಮ ಹಟ್ಟಿಗಳಿಗೆ ಅಕ್ಷರ ಬಂದದ್ದು ಮೊನ್ನೆ ಮೊನ್ನೆ. ಆದರೂ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ನಮ್ಮ ಅಜ್ಜಿ ತಾತಂದಿರಿಗೆ ದೇವದಾಸನೂ ಗೊತ್ತು, ‘ಬೆಳ್ಳಿಮೋಡ’ದ ಇಂದಿರಾನೂ ಗೊತ್ತು. ಅವರು ಕಾದಂಬರಿಗಳನ್ನು ಓದಲಿಲ್ಲ, ನೋಡಿದರು. ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದರು. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದ ಕಾಲದಲ್ಲಿ ದೀಪ ಆರಿಸಿ ಎಲ್ಲರಿಗೂ ಒಂದೇ ಕಥೆ ತೋರಿಸಿದ ಜಾಗ ಅದು. ಆದರೆ ಕುರ್ಚಿ, ಬೆಂಚು, ನೆಲ ಅನ್ನುವ ಮೆಟ್ಟಿಲು ಕತ್ತಲಲ್ಲೂ ಅಳಿಸಲಿಲ್ಲ. ನಾವು ಕೇಳಬೇಕಾದ ಪ್ರಶ್ನೆ ಇದು: ನೆಲದಲ್ಲಿ ಕೂತವರಿಗೆ ಆ ಪ್ರೇಮ ಏನು ತೋರಿಸಿತು, ಏನು ಮುಚ್ಚಿಟ್ಟಿತು?

ಮೊದಲು ದೇವದಾಸ. ನಮ್ಮದು ತೆಲುಗೂ ಕನ್ನಡವೂ ಮನೆಮಾತಾದ ಸೀಮೆ. ಬಂಗಾಳದ ಶರತ್‌ಚಂದ್ರರ ಕಾದಂಬರಿ 1917ರಲ್ಲಿ ಅಚ್ಚಾದರೆ ನಮ್ಮವರಿಗೆ ಅದು ಸಿಕ್ಕಿದ್ದು ವೇದಾಂತಂ ರಾಘವಯ್ಯನವರ 1953ರ ತೆಲುಗು ಸಿನಿಮಾದಲ್ಲಿ. ಅಕ್ಕಿನೇನಿ ನಾಗೇಶ್ವರರಾವ್ ದೇವದಾಸ, ಸಾವಿತ್ರಿ ಪಾರ್ವತಿ. ಅಲ್ಲಿಂದೀಚೆಗೆ ಪ್ರೀತಿ ಕೈಕೊಟ್ಟು ಕುಡಿದು ಬಿದ್ದವನ ಹೆಸರೇ ದೇವದಾಸು. ಆದರೆ ಕಾದಂಬರಿಯಲ್ಲಿ ಪಾರ್ವತಿಯನ್ನು ಬೇಡ ಅಂದದ್ದು ಯಾಕೆ? ಜಮೀನ್ದಾರರ ಲೆಕ್ಕದಲ್ಲಿ ಅವಳದ್ದು ಹೆಣ್ಣಿಗೆ ಹಣ ಪಡೆಯುವ ಕೀಳು ಮನೆತನ. ಹಣ ಅಂದರೆ ತೆರ. ತೆರ ನಮ್ಮ ಹಟ್ಟಿಗಳ ಹಳೇ ವಾಡಿಕೆ. ಬ್ರಾಹ್ಮಣರೊಳಗೇ ಒಂದು ಮೆಟ್ಟಿಲು ಕೆಳಗಿದ್ದ ಹುಡುಗಿಗೆ ಈ ಗತಿಯಾದರೆ ಮೆಟ್ಟಿಲೇ ಇಲ್ಲದವರ ಪಾಡೇನು? ಟೆಂಟು ಇದನ್ನು ಕೇಳಲಿಲ್ಲ, ಬಾಟಲಿ ಹಿಡಿದವನಿಗಾಗಿ ಅತ್ತಿತು. ಪ್ರೇಮವನ್ನು ಕೊಂದದ್ದು ಕುಲ, ಹೆಸರು ಬಂದದ್ದು ಕುಡಿತಕ್ಕೆ.

ಆಮೇಲೆ ತ್ರಿವೇಣಿ. ಅವರು 1963ರಲ್ಲೇ ತೀರಿಕೊಂಡರು. ಅವರ ‘ಬೆಳ್ಳಿಮೋಡ’ವನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದದ್ದು 1967ರಲ್ಲಿ. ಮಲೆನಾಡಿನ ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ, ಅಂದರೆ ಕಲ್ಪನಾ. ಅವಳಪ್ಪನ ದುಡ್ಡಿನಲ್ಲಿ ಪರದೇಶಕ್ಕೆ ಓದಲು ಹೋದವನು ಮೋಹನ. ಇಂದಿರೆಗೆ ತಮ್ಮ ಹುಟ್ಟಿದ, ಆಸ್ತಿ ಅವಳ ಕೈಬಿಟ್ಟಿತು, ಮೋಹನನೂ ಕೈಬಿಟ್ಟ. ಮುಂದೆ ಅವನು ಕಾಲು ಮುರಿದು ಬಿದ್ದಾಗ ಅವಳೇ ಆರೈಕೆ ಮಾಡಿದಳು. ಆಗ ಮದುವೆಯಾಗೋಣ ಅಂದ. ಬೇಡ ಅಂದಳು. ಆ ‘ಬೇಡ’ ನಮಗೆ ಇವತ್ತಿಗೂ ಇಷ್ಟ. ಆದರೆ ಹಾಗೆ ಅನ್ನುವುದಕ್ಕೂ ಕಾಲ ಕೆಳಗೆ ಒಂದು ಮನೆ ಬೇಕು, ನಾಳೆಯ ಅನ್ನದ ಖಾತ್ರಿ ಬೇಕು.

ಎಂಟು ವರ್ಷದ ಮೇಲೆ, 1975ರಲ್ಲಿ, ತೆರೆಗೆ ಇನ್ನೊಂದು ಬೆಳ್ಳಿ ಬಂತು. ಅದು ಮೋಡವಲ್ಲ, ಚೋಮನ ಮಗಳು. ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ಯನ್ನು ಬಿ.ವಿ. ಕಾರಂತರು ಸಿನಿಮಾ ಮಾಡಿದರು. ಅದನ್ನು ಯಾರೂ ಪ್ರೇಮಕಥೆ ಅನ್ನಲ್ಲ. ನಾವು ಅನ್ನುತ್ತೇವೆ. ಅಪ್ಪನ ಸಾಲಕ್ಕೆ ಬೆಳ್ಳಿ ಕಾಫಿ ತೋಟಕ್ಕೆ ದುಡಿಯಲು ಹೋಗುತ್ತಾಳೆ. ಅಲ್ಲಿ ಮನ್ವೇಲನ ಮೇಲೆ ಮನಸ್ಸಾಗುತ್ತದೆ. ತೋಟದ ಒಡೆಯ ಅವಳ ಮೈ ಕೆಡಿಸಿ ಸಾಲ ಹೊಡೆದುಹಾಕುತ್ತಾನೆ. ಇಂದಿರೆಗೆ ತೋಟ ಕೈತಪ್ಪಿ ಪ್ರೇಮ ಮುರಿಯಿತು. ಬೆಳ್ಳಿಗೆ ತೋಟದ ಸಾಲವಿದ್ದು ಪ್ರೇಮ ಚಿಗುರಲೇ ಇಲ್ಲ. ಎರಡು ಕಥೆಯಲ್ಲೂ ಮೇಲೆ ಕಾಣುವುದು ಗಂಡು ಹೆಣ್ಣು, ಅಡಿಯಲ್ಲಿ ಇರುವುದು ನೆಲ. ಆ ಸಿನಿಮಾಕ್ಕೆ ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾವ್‌ಗೆ ರಾಷ್ಟ್ರಪ್ರಶಸ್ತಿ ಬಂತು. ದುಡಿಯ ಸದ್ದು ದೇಶಕ್ಕೆಲ್ಲ ಕೇಳಿಸಿತು. ಬೆಳ್ಳಿಗೆ ಏನು ಬೇಕಿತ್ತು ಅಂತ ಕೇಳಿದವರು ಎಷ್ಟು ಮಂದಿ?

ಕೊನೆಗೆ ನಮ್ಮ ಸೀಮೆಯ ಮಗಳು. ಮುಳಬಾಗಿಲು ಕಡೆಯ ಸೌಂದರ್ಯ ತಾನೇ ನಿರ್ಮಿಸಿ ನಟಿಸಿದ ‘ದ್ವೀಪ’ 2002ರದ್ದು. ನಾ. ಡಿಸೋಜ ಅವರ ಕಾದಂಬರಿ, ಗಿರೀಶ್ ಕಾಸರವಳ್ಳಿ ನಿರ್ದೇಶನ. ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲದ ಸೀಮೆಯವಳು ಅಣೆಕಟ್ಟಿನ ಹಿನ್ನೀರು ಸುತ್ತುವರಿದ ಮನೆಯ ನಾಗಿಯಾದಳು. ಏರುವ ನೀರಿನಲ್ಲಿ ಮನೆ ಕಾದವಳು ಅವಳು. ಗಂಡ ಕೈಮುಗಿದದ್ದು ದೇವರಿಗೆ. ಎರಡು ವರ್ಷದಲ್ಲಿ, 2004ರಲ್ಲಿ, ವಿಮಾನ ದುರಂತದಲ್ಲಿ ಸೌಂದರ್ಯ ಹೋದರು. ನಾಗಿಯ ಮುಖ ಉಳಿಯಿತು.

ಈಗ ಟೆಂಟುಗಳಿಲ್ಲ. ಬೆಳ್ಳಿ ಇದ್ದಾಳೆ. ನಸುಕಿಗೇ ಎದ್ದು, ಬುತ್ತಿ ಕಟ್ಟಿಕೊಂಡು, ನರಸಾಪುರದ ಫ್ಯಾಕ್ಟರಿ ಬಸ್ಸು ಹತ್ತುತ್ತಾಳೆ. ಸಾಲ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಬಸ್ಸಿನಲ್ಲಿ ಅವಳೂ ಯಾರನ್ನೋ ಮೆಚ್ಚುತ್ತಾಳೆ. ಜಾತಿ ಬೇರೆಯಾದರೆ ಮಚ್ಚು ಹೊರಬರುವ ಊರುಗಳು ಇವತ್ತಿಗೂ ಇವೆ. ಅದಕ್ಕೆ ವಿಧಿ ಅಂತ ಹೆಸರಿಡುವ ಕಥೆ ನಮಗೆ ಸಾಕು. ಗೆಳೆಯರೇ, ನಮ್ಮಲ್ಲಿ ಈಗ ಅಕ್ಷರ ಇದೆ. ಬೆಳ್ಳಿಗೆ ಏನು ಬೇಕು ಅಂತ ಬೆಳ್ಳಿಯನ್ನೇ ಕೇಳಿ ಬರೆಯೋಣ. ಅವಳೂ ಒಂದು ಸಲ ಬೇಡ ಅನ್ನಲಿ. ಒಂದು ಸಲ ಬೇಕು ಅನ್ನಲಿ. ಅಂದು ಬದುಕಿರಲಿ.