ಲಿನಕ್ಸ್ ಗಣಕದಲ್ಲಿ ಬೇಡದ ತಂತ್ರಾಂಶಕ್ಕೆ ತಡೆ

ಹಳೆಯ ಗಣಕಕ್ಕೆ ಲಿನಕ್ಸ್ ಹಾಕಿಸಿಕೊಂಡು ಇನ್ನಷ್ಟು ವರ್ಷ ಬಾಳಿಸುವ ಮನೆಗಳು ನಾಗಪುರದ ಕನ್ನಡಿಗರಲ್ಲಿಯೂ ಇವೆ. ಮಕ್ಕಳ ಪಾಠ, ಮನೆಯ ಲೆಕ್ಕಪತ್ರ, ಊರಿನ ಹಿರಿಯರೊಡನೆ ಮಾತುಕತೆ ಎಲ್ಲವೂ ಅದೊಂದರಲ್ಲೇ. ಆದರೆ ನಾವು ಕೇಳಿದ್ದು ಒಂದು ತಂತ್ರಾಂಶ, ಬಂದು ಕುಳಿತದ್ದು ಹತ್ತು ಎಂಬ ಅನುಭವ ಹಲವರದು. ಇದನ್ನು ತಡೆಯುವ ಬಗೆಯನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್‌ಗಳಲ್ಲಿ ತಂತ್ರಾಂಶಗಳು ‘ಪ್ಯಾಕೇಜ್’ ರೂಪದಲ್ಲಿ ಬರುತ್ತವೆ. ಅವುಗಳನ್ನು ತಂದು ಸ್ಥಾಪಿಸುವ ವ್ಯವಸ್ಥೆಯೇ ‘ಆಪ್ಟ್’. ಒಂದು ಪ್ಯಾಕೇಜ್ ಕೆಲಸ ಮಾಡಲು ಅನಿವಾರ್ಯವಾದ ಇತರ ಪ್ಯಾಕೇಜ್‌ಗಳನ್ನೂ, ಅದು ಶಿಫಾರಸು ಮಾಡುವವುಗಳನ್ನೂ ಆಪ್ಟ್ ತಾನಾಗಿಯೇ ತರುತ್ತದೆ. ಬೇಡದ್ದು ಒಳಬರುವುದು ಸಾಮಾನ್ಯವಾಗಿ ಈ ಎರಡು ದಾರಿಗಳಿಂದ.

ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. 2020ರ ಉಬುಂಟು 20.04ರಲ್ಲಿ ಕ್ರೋಮಿಯಂ ಬ್ರೌಸರಿನ ಪ್ಯಾಕೇಜ್ ಹೆಸರಿಗೆ ಮಾತ್ರ ಇತ್ತು. ಅದನ್ನು ಸ್ಥಾಪಿಸಿದರೆ ‘ಸ್ನ್ಯಾಪ್‌ಡಿ’ ಎಂಬ ಬೇರೊಂದು ವ್ಯವಸ್ಥೆಯ ಮೂಲಕ ಬ್ರೌಸರ್ ಬರುತ್ತಿತ್ತು. ಬಳಕೆದಾರನ ಒಪ್ಪಿಗೆ ಕೇಳದ ಈ ಕ್ರಮವನ್ನು ಲಿನಕ್ಸ್ ಮಿಂಟ್ ತಂಡ ಒಪ್ಪಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಬಿಡುಗಡೆಯಾದ ಮಿಂಟ್ 20, ಒಂದು ಚಿಕ್ಕ ಕಡತದಿಂದಲೇ ಸ್ನ್ಯಾಪ್‌ಡಿಗೆ ಬಾಗಿಲು ಮುಚ್ಚಿತು.

ಆ ವಿಧಾನ ನಮಗೂ ಸಾಧ್ಯ. ‘ಇಟಿಸಿ’ ಕಡತಕೋಶದೊಳಗೆ ‘ಆಪ್ಟ್’, ಅದರೊಳಗೆ ‘ಪ್ರಿಫರೆನ್ಸಸ್.ಡಿ’ ಕಡತಕೋಶವಿದೆ. ಅಲ್ಲಿ ಆಡಳಿತಾಧಿಕಾರದಿಂದ ‘.ಪ್ರೆಫ್’ ಎಂದು ಕೊನೆಗೊಳ್ಳುವ ಕಡತವೊಂದನ್ನು ತೆರೆದು, ಆಂಗ್ಲ ಲಿಪಿಯಲ್ಲಿ ಮೂರು ಸಾಲು ಬರೆಯಬೇಕು:

ಪ್ಯಾಕೇಜ್: ಸ್ನ್ಯಾಪ್‌ಡಿ
ಪಿನ್: ರಿಲೀಸ್ ಎ=*
ಪಿನ್-ಪ್ರಯಾರಿಟಿ: -10

ಮೊದಲ ಸಾಲಿನಲ್ಲಿ ತಡೆಯಬೇಕಾದ ಪ್ಯಾಕೇಜಿನ ಹೆಸರಿರಲಿ. ಆದ್ಯತೆ ಸೊನ್ನೆಗಿಂತ ಕೆಳಗಿದ್ದರೆ ಆಪ್ಟ್ ಆ ಪ್ಯಾಕೇಜನ್ನು ಸ್ಥಾಪಿಸುವುದಿಲ್ಲ. ತಡೆ ಬಿದ್ದಿದೆಯೇ ಎಂದು ‘ಆಪ್ಟ್-ಕ್ಯಾಶ್ ಪಾಲಿಸಿ’ ಆಜ್ಞೆಯ ಮುಂದೆ ಪ್ಯಾಕೇಜಿನ ಹೆಸರು ಬರೆದು ನೋಡಬಹುದು. ಈಗಾಗಲೇ ಒಳಗಿರುವುದನ್ನು ಈ ಕಡತ ಹೊರಹಾಕದು. ಅದನ್ನು ನಾವೇ ತೆಗೆಯಬೇಕು.

ಶಿಫಾರಸಿನಿಂದ ಬರುವವುಗಳಿಗೆ ಇಷ್ಟು ಬೇಡ. ಸ್ಥಾಪನೆಯ ಆಜ್ಞೆಯೊಡನೆ ‘ನೋ-ಇನ್‌ಸ್ಟಾಲ್-ರೆಕಮೆಂಡ್ಸ್’ ಆಯ್ಕೆ ಸೇರಿಸಿದರೆ ಸಾಕು. ಇರುವ ಪ್ಯಾಕೇಜ್ ಹೊಸ ಆವೃತ್ತಿಗೆ ಏರದಂತೆ ನಿಲ್ಲಿಸಲು ‘ಆಪ್ಟ್-ಮಾರ್ಕ್ ಹೋಲ್ಡ್’ ಇದೆ. ಫೆಡೋರಾ ಬಳಸುವವರು ‘ಡಿಎನ್‌ಎಫ್’ ಸಂರಚನಾ ಕಡತದಲ್ಲಿ ‘ಎಕ್ಸ್‌ಕ್ಲೂಡ್‌ಪಿಕೆಜಿಎಸ್’ ಎಂಬ ಸಾಲಿನಲ್ಲಿ ಹೆಸರು ಬರೆಯಬಹುದು.

ಎಚ್ಚರಿಕೆಯೂ ಅಗತ್ಯ. ತಡೆಹಿಡಿದ ಪ್ಯಾಕೇಜಿಗೆ ಭದ್ರತೆಯ ತಿದ್ದುಪಡಿಗಳೂ ಬರುವುದಿಲ್ಲ. ಬ್ಯಾಂಕಿನ ವ್ಯವಹಾರ ನಡೆಯುವ ಗಣಕದಲ್ಲಿ ಬ್ರೌಸರನ್ನು ಹೀಗೆ ನಿಲ್ಲಿಸುವುದು ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆ. ತಡೆದದ್ದನ್ನೇ ಅವಲಂಬಿಸಿದ ಬೇರೆ ತಂತ್ರಾಂಶವೂ ಸ್ಥಾಪನೆಯಾಗದು.

ಮಗನೋ ಮಗಳೋ ತಡೆ ಹಾಕಿ ಪರವೂರಿಗೆ ಹೋದ ಮೇಲೆ, ಮನೆಯಲ್ಲುಳಿದ ತಂದೆತಾಯಿಗಳಿಗೆ ಅದರ ಕಾರಣ ತಿಳಿಯದು. ಆದ್ದರಿಂದ ಅದೇ ಕಡತದಲ್ಲಿ ‘ಎಕ್ಸ್‌ಪ್ಲನೇಶನ್:’ ಎಂದು ಆರಂಭವಾಗುವ ಸಾಲಿನಲ್ಲಿ ಏಕೆ, ಎಂದು ತಡೆದೆವು ಎಂಬುದನ್ನು ಬರೆದಿಡೋಣ. ಬೇಡವೆನಿಸಿದಾಗ ಆ ಕಡತವನ್ನು ಅಳಿಸಿದರಾಯಿತು, ತಡೆ ತೆರವಾಗುತ್ತದೆ. ಮನೆಯ ಗಣಕಕ್ಕೆ ಏನು ಬರಬೇಕು, ಏನು ಬಾರದು ಎಂಬ ನಿರ್ಧಾರ ಮನೆಯವರದೇ ಆಗಿರಲಿ ಎಂಬುದು ನಮ್ಮ ಆಶಯ.