ಅಟ್ಟದಿಂದ ಇಳಿದ ವ್ಯಾಕ್ಯೂಮ್ ಕ್ಲೀನರ್

ಹಳೇ ವ್ಯಾಕ್ಯೂಮ್ ಕ್ಲೀನರ್ ಬಿಚ್ಚಿ ಮತ್ತೆ ಓಡಿಸೋದು ನನ್ನ ಭಾನುವಾರದ ಹುಚ್ಚು. ಶುರುವಾಗಿದ್ದು ಹಲಸಿಯ ನಮ್ಮ ಮನೆ ಅಟ್ಟದಲ್ಲಿ. ಅಪ್ಪ ಬೆಳಗಾವಿಯಲ್ಲಿ ನೌಕರಿಗಿದ್ದಾಗ ಕೊಂಡ ಯಂತ್ರ. ಅವರು ತೀರಿಕೊಂಡು ಆರು ವರ್ಷವಾಗಿತ್ತು. "ಯಪ್ಪಾ, ಗುಜರಿಗೆ ಹಾಕಿಬಿಡೊ ಅದನ್ನ" ಅಂದ್ಲು ಅವ್ವ. ನಾನು ಬೆಂಗಳೂರಿಗೆ ಹೊತ್ತು ತಂದೆ.

ಈ ಯಂತ್ರದ ಹುಟ್ಟೇ ಮಜವಾಗಿದೆ. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಮಾಡಿದ್ದು ಮನೆಯೊಳಗೆ ಹಿಡಿಸುವಂಥದ್ದಲ್ಲ. ಪೆಟ್ರೋಲ್ ಎಂಜಿನ್ ಹೊತ್ತ ಕುದುರೆಗಾಡಿ ಬೀದಿಯಲ್ಲಿ ನಿಲ್ಲುತ್ತಿತ್ತು, ಪೈಪು ಕಿಟಕಿಯಿಂದ ಒಳಹೋಗುತ್ತಿತ್ತು. ಅವನು ಮೊದಲು ನೋಡಿದ್ದ ಯಂತ್ರ ಧೂಳನ್ನು ಊದುತ್ತಿತ್ತು. ಹೀರಿದರೆ ಹೇಗೆ ಅಂತ ಪರೀಕ್ಷಿಸಲು ಹೋಟೆಲಿನ ಕುರ್ಚಿ ಮೇಲೆ ಕರ್ಚೀಫಿಟ್ಟು ಬಾಯಿಂದ ಎಳೆದು ಕೆಮ್ಮಿದನಂತೆ! ಅದನ್ನು ಕೈಗೆ ತಂದವನು ಅಮೆರಿಕದ ಕ್ಯಾಂಟನ್ ಊರಿನ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಕಸ ಗುಡಿಸುವ ಕೆಲಸ, ಮೇಲೆ ಆಸ್ತಮಾ. 1907ರಲ್ಲಿ ಫ್ಯಾನಿನ ಮೋಟಾರು, ಪೊರಕೆಯ ಕೋಲು, ದಿಂಬಿನ ಚೀಲ ಜೋಡಿಸಿದ. ಮರುವರ್ಷ ಪೇಟೆಂಟ್ ಸಿಕ್ಕಿತು, ಹಕ್ಕು ಹೂವರ್ ಕುಟುಂಬಕ್ಕೆ ಹೋಯಿತು. ಹೆಸರು ಉಳಿದದ್ದೂ ಅವರದೇ.

ನಮ್ಮಲ್ಲಿ ಇದನ್ನು ಮನೆಮನೆಗೆ ತಂದದ್ದು 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್‌ನ, ಟೈ ಕಟ್ಟಿ ಬಾಗಿಲು ತಟ್ಟುತ್ತಿದ್ದ ಹುಡುಗರು. ನಮ್ಮದೇ ಹಾಸಿಗೆಯಿಂದ ಎಳೆದ ಧೂಳನ್ನ ನಮಗೇ ತೋರಿಸಿದರೆ ಯಾರು ಬೇಡ ಅಂತಾರೆ?

ಅಪ್ಪನ ಯಂತ್ರದ ಮೋಟಾರು ಸುಟ್ಟಿರಲಿಲ್ಲ. ಕಾರ್ಬನ್ ಬ್ರಷ್ ಸವೆದಿತ್ತು, ರಬ್ಬರ್ ಸೀಲು ಬಿಸ್ಕತ್ತಿನಂತೆ ಮುರೀತು. ಬ್ರಷ್ ಸಿಕ್ಕಿದ್ದು ಬೆಳಗಾವಿಯ ಮಿಕ್ಸಿ ರಿಪೇರಿ ಅಂಗಡಿಯಲ್ಲಿ. ಸ್ವಲ್ಪ ದಪ್ಪ ಇತ್ತು, ಉಪ್ಪುಕಾಗದಕ್ಕೆ ಉಜ್ಜಿ ಕೂರಿಸಿದೆ. 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಸೈಕಲ್ ಅಂಗಡಿ ತೆರೆದ ಊರಲ್ಲಿ ಇಷ್ಟಾದರೂ ಸಿಗಬೇಡವೇ!

ಕಷ್ಟವಾಗಿದ್ದು ಚೀಲ. ಬಟ್ಟೆಯ ರಂಧ್ರಗಳು ಕಟ್ಟಿಕೊಂಡರೆ ಎಂಥ ಮೋಟಾರೂ ಹೀರಲ್ಲ, ಖಾಲಿ ಮಾಡಲೇಬೇಕು. ಒಳಗೆ ಖಾನಾಪುರದ ಹೆಂಚಿನ ಕೆಂಪು ಪುಡಿ, ಅವ್ವನ ಕೂದಲು (ಆಗಿನ್ನೂ ಕಪ್ಪು), ಅಪ್ಪನ ಅಂಗಿಯ ಒಂದು ಗುಂಡಿ. ಹಲಸಿ ಅಂದರೆ ಕದಂಬರ ಪಲಾಶಿಕಾ. 5ನೇ ಶತಮಾನದಲ್ಲಿ ಮೃಗೇಶವರ್ಮ ತೀರಿಹೋದ ತನ್ನ ಅಪ್ಪನಿಗಾಗಿ ಅಲ್ಲಿ ಜಿನಾಲಯ ಕಟ್ಟಿಸಿದ ಅಂತ ತಾಮ್ರಪಟ ಹೇಳುತ್ತೆ. ನನ್ನ ಹತ್ರ ಇದ್ದದ್ದು ಒಂದು ಚೀಲ ಧೂಳು. ಒಂದು ವಾರ ಬಾಲ್ಕನಿಯಲ್ಲೇ ಇಟ್ಟೆ. ಆಮೇಲೆ ಗುಂಡಿ ಎತ್ತಿಟ್ಟುಕೊಂಡು, ಕೊಡವಿ ಒಗೆದೆ.

ಅವ್ವನಿಗೆ ಫೋನ್ ಹಚ್ಚಿ ಸ್ವಿಚ್ ಹಾಕಿದೆ.

"ಬಂದ್ ಮಾಡೋ, ಕಿವಿ ಒಡೀತಾವ!"

ಅಪ್ಪನಿಗೂ ಹಿಂಗೇ ಬೈತಿದ್ಲು.